ಸೈಕಲ್ ರಾಯರು

ಭಾನುವಾರ ಬೆಳಿಗ್ಗೆ ಉಡುಪಿಯಿಂದ ಮಲ್ಪೆಗೆ ಹೋಗುವ ರಸ್ತೆಯಲ್ಲಿ ನೀವೂ ಅವರನ್ನು ಕಂಡಿರಬಹುದು. ಅರವತ್ತು ದಾಟಿದ ಪ್ರಾಯ, ತಲೆಗೆ ಹೆಲ್ಮೆಟ್, ಮೈಗೆ ಗಿಳಿಹಸಿರು ಅಂಗಿ, ಕೆಳಗೆ ಹೆಂಡತಿ ನೋಡಿಯೂ ನೋಡದಂತೆ ಒಳಗೆ ಹೋಗುವಂಥ ಬಿಗಿಚಡ್ಡಿ. ಹಿಂದಿನಿಂದ ಸರ್ವಿಸ್ ಬಸ್ಸಿನವ ಎಷ್ಟೇ ಹಾರ್ನ್ ಬಾರಿಸಲಿ, ಪೆಡಲು ತಿರುಗುವ ವೇಗ ಬದಲಾಗುವುದಿಲ್ಲ. ಅವರೇ ಸೈಕಲ್ ರಾಯರು. ಕರಾವಳಿಯ ಪೇಟೆ ಪೇಟೆಯಲ್ಲೂ ಇಂಥವರು ಒಬ್ಬಿಬ್ಬರು ಇದ್ದೇ ಇದ್ದಾರೆ. ಒಂದು ಕಡೆ ಶೆಟ್ಟರು, ಇನ್ನೊಂದು ಕಡೆ ಕಾಮತರು, ಕುಂದಾಪುರದ ಕಡೆ ಹೆಬ್ಬಾರರು. ಗೋತ್ರ ಬೇರೆಯಾದರೂ ಸೂತ್ರ ಒಂದೇ: ನಿವೃತ್ತ ಬ್ಯಾಂಕ್ ಮ್ಯಾನೇಜರ್.

ಅದರಲ್ಲಿ ಆಶ್ಚರ್ಯವೇನಿಲ್ಲ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ಬ್ಯಾಂಕುಗಳು ಹುಟ್ಟಿದ ನೆಲ ಇದು. ಮನೆಗೊಬ್ಬ ಬ್ಯಾಂಕಿನವ. ಬಿಹಾರ, ಅಸ್ಸಾಂ ಎಂದು ವರ್ಗವಾಗಿ ತಿರುಗಿ ರಾಯರು ಊರು ಸೇರಿದರು. ಸೇರಿದ್ದೇ ತಡ, ಅವರ ಬ್ಯಾಂಕೇ ಇಲ್ಲವಾಯಿತು. ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ ವಿಲೀನವಾದದ್ದು 2020ರ ಏಪ್ರಿಲ್ 1ರಂದು. “ಅದನ್ನು ಏಪ್ರಿಲ್ ಒಂದಕ್ಕೇ ಮಾಡಬೇಕಿತ್ತಾ ಮಾರಾಯ್ರೇ?” ಎಂಬುದು ರಾಯರ ಇವತ್ತಿಗೂ ಇತ್ಯರ್ಥವಾಗದ ತಕರಾರು. ಅಷ್ಟರಲ್ಲಿ ಬಿ.ಪಿ. ಬಂತು, ಶುಗರ್ ಬಂತು. ಡಾಕ್ಟರು ವಾಕಿಂಗ್ ಹೇಳಿದರು. ಪಾರ್ಕಿಗೆ ಹೋದರೆ ಅಲ್ಲಿ ಹಳೆ ಸಹೋದ್ಯೋಗಿಗಳೆಲ್ಲ ಸಾಲಾಗಿ ಕೂತು ಪೆನ್ಷನ್ ಪರಿಷ್ಕರಣೆ, ಡಿ.ಎ. ಎಂದು ಜಪ ಮಾಡುತ್ತಿದ್ದರು. ಹೋದ ಬಿ.ಪಿ. ಅಲ್ಲೇ ತಿರುಗಿ ಬರುತ್ತಿತ್ತು. ಹಾಗಾಗಿ ಸೈಕಲ್.

ಸೈಕಲ್ ಕೊಡಿಸಿದ್ದು ಬೆಂಗಳೂರಿನ ಮಗ. ಅದಕ್ಕೆ 24 ಗೇರು. ರಾಯರು ಬಳಸುವುದು ಒಂದೇ. ಅದು ಯಾವುದೆಂದು ಅವರಿಗೂ ಗೊತ್ತಿಲ್ಲ, ಅಂಗಡಿಯವನು ಹಾಕಿಕೊಟ್ಟದ್ದು ಹಾಗೇ ಇದೆ. ನಿಜವಾದ ಸೈಕಲ್ ಯಾವುದು ಎಂದು ಕೇಳಿದರೆ ಅವರ ಗಂಟಲು ಉಬ್ಬಿಬರುತ್ತದೆ. ಗಂಟೆ ಬಾಡಿಗೆಗೆ ತಂದು, ಸೀಟಿಗೆ ಕಾಲು ನಿಲುಕದೆ ಒಳಪೆಡಲು ಹೊಡೆದು, ಮೊಣಕಾಲಿನ ಚರ್ಮ ಕಿತ್ತುಕೊಂಡು ಕಲಿತ ಅಟ್ಲಾಸ್! ಆ ಅಟ್ಲಾಸ್ ಕಂಪನಿ ಸಾಹಿಬಾಬಾದಿನಲ್ಲಿ ತನಗೆ ಉಳಿದಿದ್ದ ಕೊನೆಯ ಕಾರ್ಖಾನೆಯ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು. ಅದು ವಿಶ್ವಸಂಸ್ಥೆ ಘೋಷಿಸಿದ ವಿಶ್ವ ಸೈಕಲ್ ದಿನ. “ನೋಡಿ, ಆ ವರ್ಷ ದಿನ ಆರಿಸಿದವರೆಲ್ಲ ಒಂದೇ ಪಂಚಾಂಗ ನೋಡಿದ್ದಾರೆ” ಎನ್ನುತ್ತಾರೆ ರಾಯರು.

ಅವರ ಭಾನುವಾರದ ಗುರಿ ಕೋಡಿ ಬೆಂಗ್ರೆ. ಎಡಗಡೆ ಸಮುದ್ರ, ಬಲಗಡೆ ಸುವರ್ಣಾ ಹೊಳೆ, ನಡುವೆ ಒಂದು ಸಾಲು ಮನೆ, ತೆಂಗು, ಕಿರಿದಾದ ರಸ್ತೆ. ತುದಿಯಲ್ಲಿ ಸೀತಾ ನದಿಯೂ ಬಂದು ಕೂಡಿ ಎರಡೂ ಒಟ್ಟಿಗೆ ಕಡಲು ಸೇರುತ್ತವೆ. ಉಡುಪಿಯಿಂದ ಇಪ್ಪತ್ತು ಕಿಲೋಮೀಟರ್ ಕೂಡ ಆಗದ ದಾರಿ. ರಾಯರಿಗೆ ಹೋಗಿ ಬರಲು ಮಧ್ಯಾಹ್ನದ ಊಟದ ಹೊತ್ತು ಮೀರುತ್ತದೆ, ಏಕೆಂದರೆ ಅವರು ಹೊರಡುವುದೇ ನಿಲ್ಲುವುದಕ್ಕೆ.

ಮೊದಲು ಮಲ್ಪೆ ಬಂದರು. ದೋಣಿ ಕಡಲಿಗಿಳಿಯುವ ಕಾಲವಾದರೆ ಗಲಾಟೆ ನೋಡಲು ನಿಲ್ಲುತ್ತಾರೆ. ಜೂನ್, ಜುಲೈನ 61 ದಿನಗಳ ಯಾಂತ್ರಿಕ ಮೀನುಗಾರಿಕೆ ನಿಷೇಧದ ಕಾಲವಾದರೆ, ಗಲಾಟೆ ಯಾಕಿಲ್ಲ ಎಂದು ನೋಡಲು ನಿಲ್ಲುತ್ತಾರೆ. ಆಮೇಲೆ ವಡಭಾಂಡೇಶ್ವರ ದೇವಸ್ಥಾನ. ಹಡಗಿನಲ್ಲಿ ಬಂದ ಗೋಪೀಚಂದನದ ಗಡ್ಡೆಯೊಳಗೆ ಕೃಷ್ಣ ಸಿಕ್ಕಿದ ಐತಿಹ್ಯವನ್ನು ಪಕ್ಕದಲ್ಲಿ ಯಾರಿದ್ದರೂ ಅವರಿಗೆ ಹೇಳುತ್ತಾರೆ. ಯಾರೂ ಇಲ್ಲದಿದ್ದರೆ ಬೊಂಡದ ಅಂಗಡಿಯವನಿಗೆ ಹೇಳುತ್ತಾರೆ. ಅವನು ಆ ದೇವಸ್ಥಾನದ ಬಾಗಿಲಲ್ಲೇ ಬೆಳೆದವನು; ಆದರೂ ಪೂರ್ತಿ ಕೇಳುತ್ತಾನೆ. ಕತೆ ಮುಗಿಯುವಷ್ಟರಲ್ಲಿ ಎರಡು ಬೊಂಡ ಖರ್ಚಾಗುತ್ತದೆ.

ಮುಂದೆ ಮರಳಿನ ಮೇಲೆ ಒಣಮೀನು ಹರವಿದ ಜಾಗ. “ಕಡಲಗಾಳಿ ಶ್ವಾಸಕೋಶಕ್ಕೆ ಭಾರೀ ಒಳ್ಳೇದು” ಎಂದು ರಾಯರು ದೀರ್ಘ ಪೂರಕ ಎಳೆಯುವುದೂ ಆ ಜಾಗ ಬರುವುದೂ ಸರಿಯಾಗುತ್ತದೆ. ಪ್ರತಿ ವಾರವೂ ಅಲ್ಲೇ ಎಳೆಯುತ್ತಾರೆ. ಕುಂಭಕ ಮಾತ್ರ ಮುಂದಿನ ತಿರುವಿನವರೆಗೆ ನಡೆಯುತ್ತದೆ. ಅವರ ಯೋಗಾಭ್ಯಾಸದಲ್ಲಿ ಇಷ್ಟು ಚೆನ್ನಾಗಿ ಸಿದ್ಧಿಸಿದ್ದು ಇದೊಂದೇ.

ಅಲ್ಲೇ ಹಿಂದಿನಿಂದ ಪೋಂ ಪೋಂ ಎಂದು ರಬ್ಬರ್ ಬುಡ್ಡೆಯ ಹಾರ್ನ್. ಮೀನು ಮಾರುವ ಮುದುಕ. ಎತ್ತಿ ಕಟ್ಟಿದ ಲುಂಗಿ, ಬರಿಗಾಲು, ಪೇಂಟು ಪೂರ್ತಿ ಹೋದ ಸೈಕಲ್. ಕ್ಯಾರಿಯರ್ ಮೇಲೆ ಹಳೆ ಟ್ಯೂಬಿನ ಪಟ್ಟಿಯಿಂದ ಬಿಗಿದ ಪೆಟ್ಟಿಗೆ ತುಂಬ ಬಂಗುಡೆ, ಬೂತಾಯಿ. ಮಂಜುಗಡ್ಡೆ ಕರಗಿ ರಸ್ತೆಯುದ್ದಕ್ಕೂ ನೀರಿನ ಗೆರೆ. ಗೇರಿಲ್ಲ, ಒಂದು ಕಡೆ ಬ್ರೇಕೂ ಇಲ್ಲ. ರಾಯರ ಪಕ್ಕಕ್ಕೆ ಬಂದು, “ಎಂತ ಸಾರ್, ಚೈನ್ ತಪ್ಪಿತಾ?” ಎಂದು ಕನಿಕರದಿಂದ ಕೇಳುತ್ತಾನೆ. ಇಲ್ಲ ಎಂದರೆ, “ಮತ್ತೆ ಯಾಕೆ ನಿಂತದ್ದು?” ರಾಯರು ನಿಂತಿರುವುದೇ ಇಲ್ಲ, ಚಲಿಸುತ್ತಲೇ ಇರುತ್ತಾರೆ.

ವೇಗದವರನ್ನು ಕಂಡರೆ ರಾಯರಿಗೆ ಹೊಟ್ಟೆಕಿಚ್ಚಲ್ಲ, ಮರುಕ. ಹೆದ್ದಾರಿಯಲ್ಲಿ ಕೆಲವೊಮ್ಮೆ ಬ್ರೆವೆ ಸವಾರರು ಸಿಗುತ್ತಾರೆ, 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕಾದವರು. “ಕಾಫಿ ಆಯ್ತಾ?” ಎಂದು ಕೇಳಿದರೆ ಉತ್ತರ ಕೊಡಲೂ ಪುರುಸೊತ್ತಿಲ್ಲ. “ಇಷ್ಟು ದೂರ ಹೋಗಿ ಇವರು ನೋಡಿದ್ದೇನು? ಎದುರಿನವನ ಹಿಂದಿನ ಟೈರು!” ಈ ಮಾತಿನಲ್ಲಿ ನಾನು ರಾಯರ ಪಕ್ಷ. ಮರವಂತೆಯಲ್ಲಿ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ಇರುವಾಗ ತಲೆ ತಗ್ಗಿಸಿಕೊಂಡು ಗಡಿಯಾರ ನೋಡುತ್ತ ಹೋಗುವವರಿಗೆ ದಂಡ ಹಾಕಬೇಕು.

ಬೆಂಗ್ರೆಯಿಂದ ತಿರುಗಿದ ಮೇಲೆ ಗೋಳಿಬಜೆ. ರಾಯರದ್ದು ಬ್ಯಾಂಕಿನ ತಲೆ. ಜಮಾ ಖರ್ಚು ಬಾಯಲ್ಲೇ ಇದೆ. ಆರಾಮವಾಗಿ ಒಂದು ಗಂಟೆ ತುಳಿದರೆ ಸುಮಾರು 300 ಕ್ಯಾಲೊರಿ ಖರ್ಚು. ಹುಳಿ ಮೊಸರಿನಲ್ಲಿ ಕಲಸಿದ ಮೈದಾ, ಶುಂಠಿ, ಹಸಿಮೆಣಸು, ಕಾಯಿಚೂರು ಎಲ್ಲ ಸೇರಿ ಎಣ್ಣೆಯಲ್ಲಿ ಮುಳುಗಿ ಎದ್ದು ಬಂದ ಒಂದು ಪ್ಲೇಟು, ಅಷ್ಟನ್ನೂ ಬಡ್ಡಿ ಸಮೇತ ಖಾತೆಗೆ ತುಂಬುತ್ತದೆ. ರಾಯರು ಬಿಸಿ ಬಜೆಯನ್ನು ಎರಡಾಗಿ ಮುರಿದು, ಒಳಗಿನಿಂದ ಎದ್ದ ಹಬೆಯನ್ನು ನೋಡಿ, ಚಟ್ನಿಗೆ ಅದ್ದಿ, “ಅರ್ಧರ್ಧ ತಿಂದರೆ ಲೆಕ್ಕಕ್ಕೆ ಬರುವುದಿಲ್ಲ” ಎನ್ನುತ್ತಾರೆ. ಇವರ ಕೈಯಲ್ಲಿ ಬ್ಯಾಂಕ್ ಅಷ್ಟು ವರ್ಷ ಹೇಗೆ ನಡೆಯಿತು ಎಂದು ನನಗೆ ಅನುಮಾನ ಬರುವುದು ಆಗಲೇ.

ಮನೆ ಸೇರಿದಾಗ ತಡವಾದದ್ದಕ್ಕೆ ಕಾರಣ ಎದುರುಗಾಳಿ. ಹೋಗುವಾಗ ಉತ್ತರಕ್ಕೆ, ಬರುವಾಗ ದಕ್ಷಿಣಕ್ಕೆ. ಎರಡು ಸಲವೂ ಎದುರುಗಾಳಿ ಹೇಗೆ ಎಂದು ಹೆಂಡತಿ ಕೇಳುವುದನ್ನು ಬಿಟ್ಟಿದ್ದಾರೆ. ಫ್ಯಾಮಿಲಿ ಗ್ರೂಪಿಗೆ ಹೊಳೆಯ ಎದುರು ಸೈಕಲ್ ಹಿಡಿದು ನಿಂತ ಫೋಟೋ ಹೋಗುತ್ತದೆ. ಬೆಂಗಳೂರಿನ ಮಗ ಹೆಬ್ಬೆರಳು ಒತ್ತುತ್ತಾನೆ. ಪ್ರತಿ ಫೋಟೋದಲ್ಲೂ ರಾಯರು ಸೈಕಲ್ಲಿನ ಪಕ್ಕದಲ್ಲಿದ್ದಾರೆ, ಮೇಲೆ ಕೂತ ಫೋಟೋ ಇನ್ನೂ ಬಂದಿಲ್ಲ ಎಂಬುದನ್ನು ಮಾತ್ರ ಮೊಮ್ಮಗಳು ಕಂಡುಹಿಡಿದಿದ್ದಾಳೆ.

ಆದ್ದರಿಂದ ಓದುಗರಿಗೆ ಒಂದು ಕಿವಿಮಾತು. ಆ ದಾರಿಯಲ್ಲಿ ಹೋಗುವಾಗ ಯಾರಾದರೂ ಸೈಕಲ್ ಹಿಡಿದು ನಿಂತದ್ದು ಕಂಡರೆ ಪಂಕ್ಚರ್ ಆಯ್ತಾ ಎಂದು ಕೇಳಬೇಡಿ. ಕೇಳಿದಿರೋ, ಅಟ್ಲಾಸ್‌ನಿಂದ ಬ್ಯಾಂಕ್ ವಿಲೀನದವರೆಗೆ ಪೂರ್ತಿ ಕೇಳಿಯೇ ಹೊರಡಬೇಕು. ಗೋಳಿಬಜೆಯ ದುಡ್ಡು ಮಾತ್ರ ಅವರೇ ಕೊಡುತ್ತಾರೆ.