ಟೈರಿಗೆ ಕಚ್ಚೆ

ಸ್ಯಾನ್ ಹೊಸೆಯಿಂದ ಹೊರಟಾಗ ಚುರುಗುಟ್ಟುವ ಬಿಸಿಲು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ತಪ್ಪು ಪೂರ್ತಿ ನನ್ನದಲ್ಲ. ಸ್ಯಾಕ್ರಮೆಂಟೊ ದಾಟಿ ಐ-80 ಹೆದ್ದಾರಿ ಏರತೊಡಗಿದಂತೆ ಮಳೆ. ಇನ್ನಷ್ಟು ಏರಿದಂತೆ ಮಳೆಯೇ ಹತ್ತಿಯಾಯಿತು. ಡಾನರ್ ಘಟ್ಟದ ನೆತ್ತಿ 7,239 ಅಡಿ. ನಮ್ಮ ಮುಳ್ಳಯ್ಯನಗಿರಿಗಿಂತ ಮೇಲೆ ಲಾರಿ ಓಡಾಡುವ ಜಾಗ. ‘ಆರ್-2’ ಫಲಕ ಕಾಣಿಸಿತು: ನಾಲ್ಕೂ ಚಕ್ರಕ್ಕೆ ಎಂಜಿನ್ ಬಲವಿದ್ದು ಹಿಮದ ಟೈರು ಹಾಕಿದವರನ್ನು ಬಿಟ್ಟು ಉಳಿದವರೆಲ್ಲ ಸರಪಳಿ ಸುತ್ತತಕ್ಕದ್ದು.

ಸರಪಳಿಯೇನೋ ಡಿಕ್ಕಿಯಲ್ಲಿತ್ತು. ಮೂರು ವರ್ಷದಿಂದ ಸೀಲು ಒಡೆಯದೆ. ಆಯುಧಪೂಜೆಗೆ ನಿಂಬೆಹಣ್ಣು ಇಡುವುದು ಬಿಟ್ಟರೆ ನನಗೂ ಟೈರಿಗೂ ಅಂಥ ಬಳಕೆಯಿಲ್ಲ. ಮಂಗನ ಟೋಪಿ ಎಳೆದುಕೊಂಡು ಹಿಮದಲ್ಲಿ ಬೋರಲು ಬಿದ್ದೆ. ಧಾರೆಗೆ ಹೊರಟ ವರನಿಗೆ ಕಚ್ಚೆ ಉಡಿಸಿದಂತೆಯೇ ಅದು. ಮುಂದೆ ಸಿಕ್ಕಿಸಿದರೆ ಹಿಂದೆ ಬಿಚ್ಚುತ್ತದೆ, ಹಿಂದೆ ಬಿಗಿದರೆ ಮುಂದೆ ಜೋತುಬೀಳುತ್ತದೆ. ವರನಾದರೂ ‘ಸ್ವಲ್ಪ ಸಡಿಲ ಮಾಡಿ’ ಅಂತ ಬಾಯಿಬಿಡುತ್ತಾನೆ. ಟೈರು ಕದಲಲಿಲ್ಲ. ಸೂಚನೆಯ ಚೀಟಿ ಹಿಡಿದು ಓದಬೇಕಿದ್ದ ಇವಳು ಚೀಟಿ ಬಿಟ್ಟು ಫೋನು ಹಿಡಿದಿದ್ದಳು. “ರೀ, ಅದು ತಿರುಗುಮುರುಗಾ ಆಗಿದೆ ಅನ್ಸುತ್ತೆ.” “ನೀನು ಸುಮ್ನಿರು.” ಅಷ್ಟರಲ್ಲಿ ದೊಡ್ಡ ಗಾಡಿಯೊಂದು ನಿಧಾನಿಸಿತು. ಗಾಜು ಒಂದಿಂಚು ಇಳಿಯಿತು, “ಸಹಾಯ ಬೇಕಾ?” ಎಂದಿತು, ನಾನು ಹೂಂ ಅನ್ನುವಷ್ಟರಲ್ಲಿ ಏರಿತು. ಇಂಥ ಔದಾರ್ಯಕ್ಕೆ ನಾಲ್ಕೂ ಚಕ್ರದ ಬಲ ಬೇಕೇ ಬೇಕು.

ಮುಕ್ಕಾಲು ಗಂಟೆಯ ಮೇಲೆ ಎದ್ದು ನಿಂತೆ. ಎರಡೂ ಚಕ್ರಕ್ಕೆ ಕಚ್ಚೆ, ಅಚ್ಚುಕಟ್ಟು. ಎದೆಗೆ ನಂಬರು ಕಟ್ಟಿಕೊಂಡು ಕಾಸಿಗೆ ಸರಪಳಿ ಹಾಕಿಕೊಡುವ ಪುಣ್ಯಾತ್ಮನೊಬ್ಬ ಬಂದು ಬಗ್ಗಿ ನೋಡಿದ.

“ಚೆನ್ನಾಗಿ ಹಾಕಿದ್ದೀರಿ. ಆದರೆ ನಿಮ್ಮ ಕಾರನ್ನು ಎಳೆಯೋದು ಮುಂದಿನ ಚಕ್ರ ಅಲ್ಲವೇ?”

ಹತ್ತೇ ನಿಮಿಷದಲ್ಲಿ ಹಿಂದಿನದನ್ನು ಬಿಚ್ಚಿ ಮುಂದಕ್ಕೆ ಹಾಕಿದ. ಕೇಳಿದಷ್ಟು ಕೊಟ್ಟೆ.

ಕಟಕಟ ಸದ್ದಿನೊಂದಿಗೆ, ಎತ್ತಿನ ಗಾಡಿಯ ನಡಿಗೆಯಲ್ಲಿ ಘಟ್ಟ ದಾಟಿದೆವು. ಎತ್ತಿನ ಗಾಡಿ ಎಂದದ್ದು ಸುಮ್ಮನಲ್ಲ. 1846ರ ಚಳಿಗಾಲ ಎತ್ತಿನ ಬಂಡಿಗಳಲ್ಲಿ ವಲಸೆ ಬಂದ ಡಾನರ್ ತಂಡ ಹಿಮದಲ್ಲಿ ಸಿಕ್ಕಿಬಿದ್ದದ್ದು ಇಲ್ಲೇ. ಎತ್ತಿನ ಚರ್ಮ ಬೇಯಿಸಿ ತಿಂದರು. ಅದೂ ಮುಗಿದಾಗ ಕೆಲವರು ಸತ್ತವರನ್ನೂ. ಉಳಿದು ಬಂದವರು ಹೆಚ್ಚುಕಡಿಮೆ ಅರ್ಧ ಮಂದಿ. ಟ್ರಕಿಯಲ್ಲಿ ಕಾರು ನಿಲ್ಲಿಸಿದಾಗ, ಚಿತ್ರಾನ್ನ ತಣ್ಣಗಾಗಿದೆ ಎಂದು ಗೊಣಗಲು ತೆರೆದ ಬಾಯಿಗೆ ಅದನ್ನೇ ತುಂಬಿಕೊಂಡೆ.

ವಿಡಿಯೊ ಅಷ್ಟರಲ್ಲಿ ಮೈಸೂರು ಮುಟ್ಟಿತ್ತು. ಅತ್ತೆಯ ಫೋನು ಬಂತು: “ಪುಟ್ಟೀ, ಅಳಿಯಂದಿರು ನಡುರಸ್ತೇಲಿ ಉದ್ದಂಡ ಬಿದ್ದಿದ್ದು ಯಾವ ದೇವರಿಗೆ?”