ಲೆನ್ಸಿಗೆ ಎಣ್ಣೆಗಾಯಿ, ದೇವಿಗೆ ಪ್ರಭಾವಳಿ

ಬನದ ಹುಣ್ಣಿವೆ ಬಂತೆಂದರೆ ಬಾದಾಮಿ ಪಕ್ಕದ ಬನಶಂಕರಿಯ ಜಾತ್ರೆಗೆ ಬರುವವರ ಕೈಯಲ್ಲಿ ಎರಡು ವಸ್ತು ತಪ್ಪುವುದಿಲ್ಲ: ಕಾಯಿ-ಕರ್ಪೂರದ ಚೀಲ, ಮತ್ತು ಮೊಬೈಲು. ಚೀಲ ಗುಡಿಯೊಳಗೆ ಹೋಗಿ ಖಾಲಿಯಾಗುತ್ತದೆ, ಮೊಬೈಲು ಹೊರಗೇ ಭರ್ತಿಯಾಗುತ್ತದೆ. ನಾಲ್ಕು ನೂರು ಫೋಟೋ! ನೋಡುವಂಥವು ಎಷ್ಟಪ್ಪಾ ಎಂದು ಕೇಳಿದರೆ, “ಫೋನು ಹಳೇದಾತ್ರಿ, ಈ ಸಲ ಎರಡ್ನೂರು ಮೆಗಾಪಿಕ್ಸೆಲ್‌ದು ತಗೋಬೇಕು” ಅನ್ನುತ್ತೀರಿ. ತಗೊಳ್ಳಿ, ಬೇಡ ಅನ್ನಲು ನಾನ್ಯಾರು? ಆದರೆ ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ಧೋತರದ ಚುಂಗಿನಿಂದ ಒಮ್ಮೆ ಲೆನ್ಸು ಒರೆಸಿ ನೋಡಿ.

ಗುಡಿಯ ಹೊರಗೆ ಬುಟ್ಟಿ ಇಟ್ಟುಕೊಂಡು ಕೂತ ಅವ್ವಂದಿರು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬಡಿಸುತ್ತಾರೆ. ನೀವು ಉಣ್ಣುತ್ತೀರಿ. ಉಂಡ ಬೆರಳಿನಿಂದಲೇ ಫೋನು ಹಿಡಿಯುತ್ತೀರಿ. ಹೊತ್ತು ಮುಳುಗಿದ ಮೇಲೆ ದೀಪಗಳ ಫೋಟೋ ತೆಗೆದರೆ ಒಂದೊಂದು ದೀಪಕ್ಕೂ ಮಾರುದ್ದ ಕಿರಣ. “ನೋಡ್ರಿ, ತಾಯಿ ಪ್ರಭಾವಳಿ ಹೆಂಗ ಬಿದ್ದದ!” ಎಂದು ಮನೆಮಂದಿಯ ಗ್ರೂಪಿಗೆ ಹಾಕುತ್ತೀರಿ. ಹುಬ್ಬಳ್ಳಿಯ ಅತ್ತಿ, ಪುಣೆಯ ಕಾಕಾ ಎಲ್ಲರೂ ಕೈ ಮುಗಿಯುತ್ತಾರೆ. ಅದು ತಾಯಿಯ ಪ್ರಭಾವಳಿಯಲ್ಲ ಮಾರಾಯರೇ, ಎಣ್ಣೆಗಾಯಿಯದು.

ಇನ್ನು ನಿಮ್ಮ ಜೂಮು. ನಿಂತ ಜಾಗದಿಂದ ಕಾಲು ಕೀಳದೆ ಎರಡು ಬೆರಳಲ್ಲಿ ಪರದೆ ಹಿಗ್ಗಿಸುತ್ತೀರಲ್ಲ, ಅದು. ಸಾಮಾನ್ಯ ಫೋನಿನಲ್ಲಿ ಹಾಗೆ ಹಿಗ್ಗಿಸುವುದೆಂದರೆ ಇದ್ದ ಚಿತ್ರವನ್ನೇ ಕತ್ತರಿಸಿ ಎಳೆಯುವುದು ಅಷ್ಟೇ. ಹೊಸದೇನೂ ಕಾಣುವುದಿಲ್ಲ, ಇದ್ದದ್ದೇ ಹಿಂಜಿಕೊಳ್ಳುತ್ತದೆ. ಹತ್ತು ಹೆಜ್ಜೆ ನಡೆದರೆ ಏನು ಗಂಟು ಹೋಗುತ್ತದೆ? 1855ರಲ್ಲಿ ಥಾಮಸ್ ಬಿಗ್ಸ್ ಎಂಬ ತೋಪಖಾನೆಯ ಕ್ಯಾಪ್ಟನ್ ಮುಂಬಯಿ ಸರ್ಕಾರದ ಪರವಾಗಿ ಬಾದಾಮಿ, ಐಹೊಳೆ, ಪಟ್ಟದಕಲ್ಲು ಸುತ್ತಿದ. ರೈಲಿಲ್ಲ, ಡಾಂಬರಿಲ್ಲ. ಪೆಟ್ಟಿಗೆಯಂಥ ಕ್ಯಾಮೆರಾ, ಅದಕ್ಕೊಂದು ಸ್ಟ್ಯಾಂಡು, ಕಾಗದದ ನೆಗೆಟಿವ್, ರಾಸಾಯನಿಕ, ಎಲ್ಲವನ್ನೂ ಹೊತ್ತು ತಿರುಗಬೇಕು. ಒಂದು ಚಿತ್ರಕ್ಕೆ ಬೆಳಕು ಬಿಟ್ಟುಕೊಂಡು ಎಷ್ಟೋ ಹೊತ್ತು ಕಾಯಬೇಕು. ಇಂಥವರು ತೆಗೆದ ಚಿತ್ರಗಳೇ ಮುಂದೆ 1866ರಲ್ಲಿ ಲಂಡನ್ನಿನಲ್ಲಿ ದೊಡ್ಡ ಪುಸ್ತಕವಾದವು. ಅದಕ್ಕೆ ಬರೆದವರಲ್ಲಿ ಒಬ್ಬ ನಮ್ಮ ಸುರಪುರದಲ್ಲಿದ್ದ ಮೆಡೋಸ್ ಟೇಲರ್. ಬಿಗ್ಸ್ ಜೂಮ್ ಮಾಡಲಿಲ್ಲ, ಎಲ್ಲಿ ನಿಲ್ಲಬೇಕು ಅಂತ ಮೊದಲು ಹುಡುಕಿದ. ಒಂದು ಚಿತ್ರಕ್ಕೆ ಅಷ್ಟು ಒದ್ದಾಟವಿದ್ದರೆ ನೀವೂ ಹುಡುಕುತ್ತಿದ್ದಿರಿ. ಪುಕ್ಕಟೆ ಸಿಗುವುದರಿಂದಲೇ ಈ ನಾಲ್ಕು ನೂರು!

ಬಾದಾಮಿಯ ಗುಹೆಗಳಿಗೆ ಬನ್ನಿ. ಮೊದಲನೆಯ ಗುಹೆಯ ಬದಿಯ ಬಂಡೆಯಲ್ಲಿ ಹದಿನೆಂಟು ಕೈಯ ನಟರಾಜ. ನಿಮ್ಮ ಫೋಟೋದಲ್ಲಿ ಹದಿನಾಲ್ಕೇ ಕೈ; ಉಳಿದ ನಾಲ್ಕನ್ನು ನಿಮ್ಮ ಭಾವನ ತಲೆ ಮುಚ್ಚಿದೆ. ಸರಿ, ಅದನ್ನು ಬಿಡೋಣ. ಮೂರನೆಯ ಗುಹೆ, 578ರಲ್ಲಿ ಮಂಗಲೇಶ ಮಾಡಿಸಿದ್ದು ಅಂತ ಅಲ್ಲೇ ಶಾಸನವಿದೆ. ಅದರ ಪಡಸಾಲೆಯ ಒಂದು ತುದಿಗೆ ಶೇಷನ ಮೇಲೆ ಕೂತ ವಿಷ್ಣು. ನೀವು ನೇರ ಎದುರು ನಿಂತು ಫಟ್ಟಂತ ಫ್ಲ್ಯಾಶ್ ಹೊಡೆಯುತ್ತೀರಿ. ಶಿಲ್ಪಿ ವರ್ಷಗಟ್ಟಲೆ ಉಳಿ ಹಿಡಿದು ಎಬ್ಬಿಸಿದ ಉಬ್ಬು ತಗ್ಗು ಅರೆಕ್ಷಣದಲ್ಲಿ ಮಟ್ಟಸವಾಗಿ ಗೋಡೆಯ ಮೇಲಿನ ಕ್ಯಾಲೆಂಡರ್ ದೇವರಾಗಿಬಿಡುತ್ತದೆ. ಗುಹೆಯ ಬಾಯಿ ಬಡಗಣಕ್ಕೆ. ಬಿಸಿಲು ನೇರ ಒಳಗೆ ಬರುವುದಿಲ್ಲ, ಬೆಳಕಷ್ಟೇ ಮಗ್ಗಲಿನಿಂದ ಹಾಯುತ್ತದೆ. ಆ ಮಗ್ಗಲ ಬೆಳಕಲ್ಲಿ ಹೊಟ್ಟೆಯ ಉಬ್ಬಿಗೊಂದು ನೆರಳು, ಹಾರದ ಎಳೆಗೊಂದು ನೆರಳು, ಹಾವಿನ ಸುರುಳಿಗೊಂದು ನೆರಳು. ಫ್ಲ್ಯಾಶ್ ಆರಿಸಿ, ಎರಡೂ ಮೊಣಕೈ ಎದೆಗೆ ಒತ್ತಿ, ಉಸಿರು ಹಿಡಿದು ಒತ್ತಿ, ಅಷ್ಟೇ ಕೆಲಸ. ಸ್ಟ್ಯಾಂಡ್ ತರೋಣ ಅಂದರೆ ಪುರಾತತ್ವ ಇಲಾಖೆಯ ಅಪ್ಪಣೆ ಬೇಕು. ಕಂಬಕ್ಕೆ ಆನಿಕೊಂಡು ನಿಲ್ಲಲು ಬೇಡ.

ಗುಹೆಯ ಒಳಗಿನಿಂದ ಹೊರಗಿನ ಕೆರೆ ತೆಗೆಯುವಾಗ ಮಾತ್ರ ಫೋನಿಗೆ ಗೊಂದಲ. ಒಳಗೆ ಕತ್ತಲು, ಹೊರಗೆ ಉರಿಬಿಸಿಲು. ಪರದೆಯಲ್ಲಿ ಬೆಳಕಿದ್ದ ಕಡೆ ಬೆರಳು ಒತ್ತಿ, ಪಕ್ಕದಲ್ಲಿ ಕಾಣುವ ಸೂರ್ಯನನ್ನು ಕೊಂಚ ಕೆಳಗೆ ಎಳೆಯಿರಿ. ಕಂಬಗಳು ಕಪ್ಪಾಗಲಿ ಬಿಡಿ, ಕೆರೆ ಉಳಿಯುತ್ತದೆ. ಆಚೆ ದಂಡೆಯ ಭೂತನಾಥ ಗುಡಿಯ ಮೋರೆ ಪಡುವಣಕ್ಕೆ, ಹಾಗಾಗಿ ಅದರ ಹೊತ್ತು ಸಂಜೆ. ಅದನ್ನು ಬೆಳಿಗ್ಗೆ ತೆಗೆದು “ಕಪ್ಪ ಬಂದದ” ಎಂದು ಫೋನಿಗೆ ಬೈದರೆ ಫೋನು ಏನು ಮಾಡೀತು?

ಹಾಂ, ಮಂಗ. ಬಾದಾಮಿಯಲ್ಲಿ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಬಾಳೆಹಣ್ಣು ಹಿಡಿದವರಿಗೆ ನಾನು ಹೇಳುವುದೇನೂ ಉಳಿದಿಲ್ಲ. ಅವುಗಳೇ ಹೇಳುತ್ತವೆ.

ತಿರುಗಿ ಬನಶಂಕರಿಗೆ. ಗುಡಿಯ ಹೊಂಡ ಹರಿದ್ರಾತೀರ್ಥದಲ್ಲಿ ನೀರು ತುಂಬಿದ ವರ್ಷವಾದರೆ ಕೊನೆಯ ಮೆಟ್ಟಿಲಿಗೆ ಇಳಿದು ಫೋನನ್ನು ತಲೆಕೆಳಗು ಹಿಡಿಯಿರಿ. ಲೆನ್ಸು ನೀರಿಗೆ ತಾಗಿತೋ ಏನೋ ಅನ್ನುವಷ್ಟು ಕೆಳಗೆ ಬಂದಾಗ ಸುತ್ತಲಿನ ಮಂಟಪದ ಸಾಲುಕಂಬಗಳು ನೀರೊಳಗೂ ಅಷ್ಟೇ ಉದ್ದ ನಿಲ್ಲುತ್ತವೆ. ಜಾರಿ ಬಿದ್ದರೆ ನನ್ನ ಹೆಸರು ಹೇಳಬೇಡಿ.

ಜಾತ್ರೆಯಲ್ಲಿ ನನಗೆ ಬಹಳ ಮೆಚ್ಚಿನ ಜಾಗ ತೇರಿನ ಬೀದಿಯಲ್ಲ, ಕಟ್ಟಿಗೆಯ ಬಾಗಿಲು ಮಾರುವ ಸಾಲು. ಕೆತ್ತಿದ ಚೌಕಟ್ಟುಗಳು ಬಯಲಲ್ಲಿ ನಿಂತಿರುತ್ತವೆ; ಗೋಡೆಯಿಲ್ಲ, ಮನೆಯಿಲ್ಲ, ಬಾಗಿಲಷ್ಟೇ. ಒಂದರ ಮುಂದೆ ಸುಮ್ಮನೆ ನಿಂತುಕೊಳ್ಳಿ. ಮೊದಲು ಒಂದು ಎತ್ತು ಹಾಯುತ್ತದೆ, ಆಮೇಲೆ ಬತ್ತಾಸು ತಿನ್ನುವ ಹುಡುಗ, ಆಮೇಲೆ ದರ ಕೇಳಿ ಮುಖ ಸೊಟ್ಟ ಮಾಡಿಕೊಂಡ ಗೃಹಸ್ಥ. ಹಿಂದೆ ಓಡಬೇಕಾಗಿಲ್ಲ, ಎಲ್ಲರೂ ತಾವೇ ಚೌಕಟ್ಟಿನೊಳಗೆ ಬರುತ್ತಾರೆ.

ಇಳಕಲ್ಲ ಸೀರೆಯ ವಿಷಯಕ್ಕೆ ಮೊಬೈಲುಗಳ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. ಟೋಪ್ ತೆನಿ ಸೆರಗಿನ ಆ ಕೆಂಪು, ಅದರೊಳಗಿನ ಬಿಳಿ ತೆನೆ, ನೇಕಾರನ ಅಷ್ಟೂ ಕೆಲಸ ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಬರೀ ಕುಂಕುಮದ ಮುದ್ದೆ. ಕೆಂಪು ಬಣ್ಣ ಮಿತಿ ಮೀರಿದರೆ ಕ್ಯಾಮೆರಾ ಎಳೆಗಳನ್ನು ನುಂಗಿಬಿಡುತ್ತದೆ. ಅಕ್ಕನನ್ನು ಬೇವಿನ ಮರದ ನೆರಳಿಗೆ ಕರೆತನ್ನಿ, ಬೆಳಕನ್ನು ಒಂದಿಷ್ಟು ತಗ್ಗಿಸಿ. ತೆನೆ ಎಣಿಸಬಹುದು.

ತೇರು ಎಳೆಯುವ ಹೊತ್ತಿಗೆ ಎಲ್ಲರ ಕೈ ಮೇಲೆ. ರೋಣದ ಕಡೆಯ ಮಾಡಲಗೇರಿಯಿಂದ ಹಳಿಬಂಡಿಯಲ್ಲಿ ಬಂದ ಹಗ್ಗ ಬಿಗಿಯುತ್ತದೆ, ಉತ್ತತ್ತಿ ಬಾಳೆಹಣ್ಣು ತೂರಿ ಬರುತ್ತವೆ, ನಿಮ್ಮ ಫೋಟೋದಲ್ಲಿ ಬರುವುದು ಮುಂದಿನವನ ಮೊಬೈಲಿನೊಳಗಿನ ತೇರು. ನನ್ನ ಮಾತು ಕೇಳಿ, ತೇರಿಗೆ ಬೆನ್ನು ಮಾಡಿ ನಿಲ್ಲಿ. ತಾಯಿ ಕ್ಷಮಿಸುತ್ತಾಳೆ. ಹಣ್ಣು ತೂರಿ ಕಳಸಕ್ಕೆ ಬಡಿಯಿತೋ ಇಲ್ಲವೋ ಎಂದು ಬಾಯಿ ತೆರೆದು ನೋಡುವ ಮುದುಕ, ಹೆಗಲ ಮೇಲಿನ ಮಗು, ಧೂಳಿನಲ್ಲಿ ಹಾಯ್ದ ಇಳಿಬಿಸಿಲು, ಎಲ್ಲ ಆ ಕಡೆಯೇ ಇರುತ್ತದೆ. ರಾತ್ರಿ ನಾಟಕ ಕಂಪನಿಯ ಟೆಂಟಿನಲ್ಲೂ ಇದೇ ಲೆಕ್ಕ: ರಂಗದ ಮೇಲಿನ ಹಾಸ್ಯಗಾರನಿಗಿಂತ ಅವನ ಮಾತಿಗೆ ಸೆರಗು ಬಾಯಿಗಿಟ್ಟು ನಗುವ ಮುಂದಿನ ಸಾಲು ದೊಡ್ಡ ನಾಟಕ.

ಜನರ ಫೋಟೋ ಅಂದರೆ ಕೇಳಿ ತೆಗೆಯಿರಿ ಅಷ್ಟೇ. “ಯವ್ವಾ, ಒಂದು ಫೋಟೋ ತೆಗೀಲೇನು?” ಅಂದಿದ್ದಕ್ಕೆ ರೊಟ್ಟಿ ಬುಟ್ಟಿಯ ಅವ್ವ, “ಮದ್ಲ ರೊಟ್ಟಿ ತಿನ್ನೋ ಯಪ್ಪಾ, ಆಮ್ಯಾಲ ತೆಗಿ” ಅಂದಳು. ಉಂಡು ಎದ್ದ ಮೇಲೆ ತೆಗೆದೆ, ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿದಳು. “ಇದ್ರಾಗ ಮೊಸರಿನ ಗಡಗಿ ಕಾಣವಲ್ದು. ಈ ಕಡೆ ಬಂದು ಕುಂತು ತೆಗಿ.” ಕುಂತು ತೆಗೆದೆ. ಇಂಥ ಗುರು ಯಾವ ಫೋಟೋಗ್ರಫಿ ಕ್ಲಾಸಿನಲ್ಲಿ ಸಿಗಬೇಕು?

ಮನೆಗೆ ಬಂದ ಮೇಲೆ ಆ ನಾಲ್ಕು ನೂರರಲ್ಲಿ ಹತ್ತು ಉಳಿಸಿ ಮಿಕ್ಕದ್ದನ್ನು ಅಳಿಸಿ. ಹತ್ತನ್ನೂ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಮಾಡಿ ಕಳಿಸಿ, ಇಲ್ಲದಿದ್ದರೆ ಅದು ಹಿಂಡಿ ಹಿಪ್ಪೆ ಮಾಡುತ್ತದೆ. ಹತ್ತೇ ಕಳಿಸಿದರೆ ಜನ ತೆರೆದು ನೋಡುತ್ತಾರೆ ಎಂಬ ಅಪಾಯವೂ ಉಂಟು. ನಮ್ಮ ಕಾಕು ಪೂರ್ತಿ ನೋಡಿ ಫೋನು ಮಾಡಿದಳು: “ಎಲ್ಲಾ ಚಲೋ ಬಂದಾವೋ. ಮೂರನೇದ್ರಾಗ ಆ ಬಾಗಲದ್ದು ಎಷ್ಟಂತ, ಕೇಳಿದ್ಯೇನು?”