ಲಕ್ಷ ದಾಟಿದ ಕಾರು

ಓಡೋಮೀಟರ್ ನೋಡಿ ದಲ್ಲಾಳಿ ಹಣೆ ಚಚ್ಚಿಕೊಂಡ. “ನಾಲ್ಕು ವರ್ಷಕ್ಕೆ 1,40,000 ಕಿ.ಮೀ.! ಟ್ಯಾಕ್ಸಿಗೆ ಬಿಟ್ಟಿದ್ರಾ?”

“ಇಲ್ಲಪ್ಪ, ಕೆಲಸಕ್ಕೆ. ತುಮಕೂರಿಂದ ಬೆಂಗಳೂರು, ದಿನಾ ಹೋಗಿಬಂದು 140. ಬೆಂಗಳೂರಿನ ಮನೆ ಬಾಡಿಗೆ ಉಳೀತಲ್ಲ!”

“ಆ ಬಾಡಿಗೇನ ಈಗ ಕಾರು ಕಟ್ತಿದೆ.”

“ಹೆದ್ದಾರಿ ಓಟ ಕಣಯ್ಯಾ, ಬಹುಪಾಲು ಐದನೇ ಗೇರಲ್ಲೇ. ಸಿಟಿ ಕಾರಿನ ಹಾಗೆ ಕ್ಲಚ್ ಸವೆದಿಲ್ಲ.”

“ಕ್ಲಚ್ ಯಾರ್ ಕೇಳ್ತಾರೆ? ಲಕ್ಷ ದಾಟ್ತು ಅಂದ್ರೆ ಗಿರಾಕಿ ಬಾಗಿಲೂ ತೆಗೆಯಲ್ಲ.” ದನಿ ತಗ್ಗಿಸಿದ. “ಮೀಟರ್ 60,000ಕ್ಕೆ ಇಳಿಸೋಣ್ವಾ?”

“ಸ್ಟೀರಿಂಗ್ ಸವೆದು ಮಿರಮಿರ ಅಂತಿದೆ, ಪೆಡಲ್ ರಬ್ಬರ್ ಬೋಳು. ಅದನ್ನೂ ಇಳಿಸ್ತೀಯಾ?”

“ಅದಕ್ಕೆ ಹೊಸ ಕವರ್, ಹೊಸ ರಬ್ಬರ್ ಇದೆಯಲ್ಲ ಸಾರ್!”

ಹಳೇ ಕಾರು ಕೊಳ್ಳುವವರೇ, ಮೀಟರ್ ಕಡಿಮೆಯಿದ್ದು ಪೆಡಲ್ ರಬ್ಬರ್ ಹೊಚ್ಚಹೊಸದಾಗಿದ್ದರೆ ಮೊದಲು ಸರ್ವಿಸ್ ದಾಖಲೆ ಕೇಳಿ.